ನನ್ನ ಕಿಟಕಿಯ ಹನ್ನೊಂದು ಚೀಲಗಳ ಬಗ್ಗೆ ದೂರಸಂಪರ್ಕ ಇಲಾಖೆಗೆ ಅರಿಕೆ

ಮಾನ್ಯ ದೂರಸಂಪರ್ಕ ಅಧಿಕಾರಿಗಳೇ,

ಕತ್ತರಿ, ಟೇಪು ಬದಿಗಿಟ್ಟು, ಎರಡೂ ಕೈ ಜೋಡಿಸಿ ನಮಸ್ಕರಿಸುತ್ತೇನೆ. ತಾವು ಕುಶಲವೆಂದು ನಂಬಿದ್ದೇನೆ. ಫೋನು ಮಾಡಿಯೇ ವಿಚಾರಿಸೋಣವೆಂದರೆ, ಆ ಸೌಕರ್ಯದ ಬಗ್ಗೆಯೇ ಈ ಪತ್ರ.

ಪ್ರತಿ ಬೀದಿಯಲ್ಲೂ ಮೂರು ಕಂಪನಿಗಳು ಪೈಪೋಟಿ ನಡೆಸಬೇಕು, ಗಿರಾಕಿಯೇ ದೊರೆಯಾಗಬೇಕು ಎಂಬ ತಮ್ಮ ಹೊಸ ನೀತಿಯನ್ನು ಓದಿ ನಾವೆಲ್ಲ ಹಿರಿಹಿರಿ ಹಿಗ್ಗಿದೆವು. ಮೂರೂ ಕಂಪನಿಗಳು ಬಂದವು. ಜಾಹೀರಾತಿನಲ್ಲಿ ಹಾವು ಮುಂಗುಸಿಯಂತಿರುವ ಅವು ಒಂದು ವಿಷಯದಲ್ಲಿ ಮಾತ್ರ ಒಡಹುಟ್ಟಿದವರಂತೆ ಒಗ್ಗಟ್ಟಾಗಿವೆ: ಇಡೀ ಬೀದಿಯಲ್ಲಿ ಮೂರರ ಸಿಗ್ನಲ್ಲೂ ಸಿಗುವುದು ನನ್ನ ಹೊಲಿಗೆ ಅಂಗಡಿಯ ಕಿಟಕಿಯ ಎಡಮೂಲೆಯಲ್ಲಷ್ಟೇ.

ಹೀಗಾಗಿ ನಾನು ಉಳಿದ ತುಂಡು ಬಟ್ಟೆಯಲ್ಲಿ ಪುಟ್ಟ ಚೀಲಗಳನ್ನು ಹೊಲಿದು ಕಿಟಕಿಯ ಸರಳಿಗೆ ಕಟ್ಟಿದ್ದೇನೆ. ಬೆಳಿಗ್ಗೆ ಬೀದಿಯವರು ಬಂದು ತಂತಮ್ಮ ಫೋನನ್ನು ತಂತಮ್ಮ ಚೀಲಕ್ಕೆ ಇಳಿಬಿಟ್ಟು ಹೋಗುತ್ತಾರೆ. ಯಾರದು ರಿಂಗಾದರೂ ಎತ್ತಿ, ಅವರ ಮನೆಗೆ ಕೇಳುವಂತೆ ಕೂಗುವುದು ನನ್ನ ಪಾಲಿನ ಸೇವೆ. ಚೌಕಳಿ ಚೀಲ ಬಡಗಿಯದು, ಹೂವಿನದು ಟೀಚರಮ್ಮನದು, ಕೆಂಪು ಚೀಲ ನಮ್ಮ ಅಕ್ಕನದು. ಅಕ್ಕ ಹೆರಿಗೆ ಮಾಡಿಸುವ ನರ್ಸು. ಕೆಂಪು ಚೀಲ ರಿಂಗಾಯಿತೆಂದರೆ ಎಲ್ಲೋ ಒಬ್ಬಳಿಗೆ ನೋವು ಶುರುವಾಯಿತೆಂದೇ ಲೆಕ್ಕ.

ಇಂಥ ಹೊತ್ತಿನಲ್ಲಿ, ನಮಗೆ ಹೊಸ ಟವರ್ ಬೇಕೇ ಬೇಡವೇ ಎಂದು ಅಳೆಯಲು ತಮ್ಮ ಪರಿಶೀಲಕರು ದಯಮಾಡಿಸಿದರು. ಬಿಸಿಲಿನಲ್ಲಿ ಬಂದವರು, ನೆರಳಿಗೆ ಕೂರಲಿ ಎಂದು ನಾನೇ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಕಿಟಕಿಯ ಎಡಮೂಲೆಗೆ ಸ್ಟೂಲು ಹಾಕಿಕೊಟ್ಟೆ. ಯಂತ್ರ ತೆಗೆದರು, ಐದೂ ಕಡ್ಡಿ ಎದ್ದು ನಿಂತವು. ತಲೆ ಎತ್ತಿದರು, ಮೂರು ಕಂಪನಿಗಳ ಹನ್ನೊಂದು ಫೋನು ತೂಗುತ್ತಿದ್ದವು. "ಇಷ್ಟು ಚೆನ್ನಾಗಿರೋ ಪೈಪೋಟಿ ನಾನೆಲ್ಲೂ ನೋಡಿಲ್ಲ ಕಣ್ರೀ" ಎಂದು ನನ್ನ ಬೆನ್ನು ತಟ್ಟಿ, ಟವರ್ ಅನಗತ್ಯವೆಂದು ಬರೆದುಕೊಂಡು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕಳೆದ ಬುಧವಾರ ಕೆಂಪು ಚೀಲ ರಿಂಗಾದಾಗ ನಾನು ಗಿರಾಕಿಯೊಬ್ಬರ ಕೋಟಿಗೆ ಪಿನ್ನು ಚುಚ್ಚುತ್ತಿದ್ದೆ. ಉಳಿದ ಪಿನ್ನುಗಳು, ನಮ್ಮ ಕಸುಬಿನ ಪದ್ಧತಿಯಂತೆ, ಬಾಯಲ್ಲಿದ್ದವು. ಅವನ್ನು ಒಂದೊಂದಾಗಿ ಉಗುಳುವಷ್ಟರಲ್ಲಿ ಕರೆ ಕಡಿದುಹೋಯಿತು. ನಾನೇ ಮರಳಿ ಕರೆ ಮಾಡಿ, ಯಾರ ಮನೆಯೆಂದು ತಿಳಿದು ಅಕ್ಕನನ್ನು ಕೂಗಿದೆ. ಅಕ್ಕ ಓಡಿ ಮೇಲಿನ ಬೀದಿಯ ಗಡಿಯಾರ ರಿಪೇರಿಯವರ ಮನೆ ಮುಟ್ಟುವ ಮೊದಲೇ ಮಗು ಅಜ್ಜಿಯ ಕೈಗೆ ಬಂದಿತ್ತು. ತಾಯಿ, ಮಗು ಕ್ಷೇಮ. "ಇವತ್ತು ಉಳೀತು. ಇನ್ನೊಂದ್ ಸಲ ಹಿಂಗಾದ್ರೆ ಏನೋ ಗತಿ?" ಎಂದಳು ಅಕ್ಕ. ಅಂದಿನಿಂದ ಯಾವ ಫೋನು ಸದ್ದು ಮಾಡಿದರೂ ನಾನು ಮೊದಲು ಕೆಂಪು ಚೀಲಕ್ಕೇ ಕೈ ಹಾಕುತ್ತೇನೆ.

ಆದ್ದರಿಂದ ಟವರ್ ಮಂಜೂರು ಮಾಡಬೇಕು. ಅದು ನೀತಿಗೆ ವಿರುದ್ಧವಾದರೆ, ನಾನು ಬಾಯಿ ಖಾಲಿ ಇಟ್ಟುಕೊಂಡಿರುವ ಹೊತ್ತಿನಲ್ಲೇ ಹೆರಿಗೆ ನೋವು ಬರತಕ್ಕದ್ದೆಂದು ಸುತ್ತೋಲೆ ಹೊರಡಿಸಬೇಕು. ಅದೂ ಕಷ್ಟವಾದರೆ, ಬೀದಿಯ ಅಷ್ಟೂ ಮನೆಗಳನ್ನು ನನ್ನ ಕಿಟಕಿಯ ಎಡಮೂಲೆಗೆ ಸ್ಥಳಾಂತರಿಸಿಕೊಡಬೇಕು. ಅಳತೆ ಬೇಕಾದರೆ ನಾನೇ ತೆಗೆದುಕೊಡುತ್ತೇನೆ.

ಕಿಟಕಿ ಬಿಟ್ಟು ಕದಲಲಾಗದ
ತಮ್ಮ ವಿಶ್ವಾಸಿ,
ದರ್ಜಿ

ತಾಜಾ ಕಲಂ: ಮೇಲಿನ ಬೀದಿಯಲ್ಲೇ ವಾಸವಿರುವ ತಮ್ಮ ಪರಿಶೀಲಕರು ನಿನ್ನೆ ಮತ್ತೆ ಬಂದಿದ್ದರು, ಈ ಸಲ ಯಂತ್ರವಿಲ್ಲದೆ. ಅವರ ಮನೆಯವರಿಗೆ ಎಂಟು ತುಂಬಿದೆಯಂತೆ, ಹೆರಿಗೆಗೆ ಅಕ್ಕನನ್ನೇ ಗೊತ್ತು ಮಾಡಿದ್ದಾರೆ. "ಫೋನ್ ಮಾಡಿದ್ರೆ ಆ ಕೆಂಪು ಚೀಲ ತಪ್ಪದೇ ಎತ್ತುತೀರಲ್ವಾ?" ಎಂದು ಎರಡೆರಡು ಸಲ ಕೇಳಿದರು. ಬಾಯಲ್ಲಿ ಪಿನ್ನುಗಳಿದ್ದವು, ಉತ್ತರ ಕೊಡಲಾಗಲಿಲ್ಲ.