ಪಂಢರಿ ತಂದ ಚೀಟಿ

ಪಂಢರಿ ಬರೆದ ಮೆಥಡ್, ಅಂದರೆ ಪ್ರೋಗ್ರಾಮು ಕೇಳಿದ ಒಂದು ಕೆಲಸ ಮಾಡಿಕೊಡುವ ಪುಟ್ಟ ತುಣುಕು, ಲೆಕ್ಕ ಮಾಡಿ ಉತ್ತರವನ್ನು ಪರದೆಯ ಮೇಲೆ ತೋರಿಸಿಬಿಡುತ್ತಿತ್ತು. ಕೇಳಿದ ಪ್ರೋಗ್ರಾಮಿಗೆ ಮಾತ್ರ ಏನೂ ಮರಳಿಸುತ್ತಿರಲಿಲ್ಲ. ಅವನು ಕಂಪ್ಯೂಟರ್ ಕಲಿಯುತ್ತಿದ್ದ ಮೈಲೂರಿನ ಆ ಮಹಡಿಯಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಆಗ ಅಲ್ಲಿ ಎರಡು ಕಂಪ್ಯೂಟರು, ಗೊರಕೆ ಹೊಡೆಯುವ ಒಂದು ಪಂಖಾ, ಮತ್ತು ಪಾಠ ಹೇಳುವ ಮುಜೀಬೋದ್ದೀನ ಸರ್ ಇದ್ದರು.

"ಊರಿಗೆಲ್ಲಾ ಸಾರಬ್ಯಾಡೋ. ಕೇಳ್ದವನ ಕೈಯಾಗ ತಂದು ಕೊಡು. ಅದಕ್ಕೇ ರಿಟರ್ನ್ ಅಂತಾರ," ಎನ್ನುತ್ತಿದ್ದರು ಸರ್.

ಅಂದು ಪರೀಕ್ಷೆ. ಪಾಸಾದರೆ ಔರಾದಿನಲ್ಲಿ ಪಂಢರಿಗೆ ಆಪರೇಟರ್ ಕೆಲಸ ಕಾದಿತ್ತು. ಐದರೊಳಗೆ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಪರೀಕ್ಷೆ ಮುಚ್ಚಿಬಿಡುತ್ತದೆ. ತೆರೆಯುವ ಪಾಸ್‌ವರ್ಡ್ ಸರ್‌ಗೆ ಎಂದೂ ನೆನಪಿರದು. ಅದು ಕೆಳಗಿನ ಮನೆಯಲ್ಲಿ, ಅವರ ಹೆಂಡತಿ ಮುನವ್ವರ ಬೇಗಂ ಹತ್ತಿರ.

"ಇವತ್ತ ನೀನೇ ಮೆಥಡ್. ಹೋಗಿ ತಗೊಂಡು ಬಾ," ಎಂದರು ಸರ್.

ಪಂಢರಿ ಹೋದ. ಉತ್ತರ ಸಿಕ್ಕಿದ್ದೇ ಮೆಟ್ಟಿಲ ಬುಡದಿಂದಲೇ ಕೂಗಿದ: "ಸರ್! ಗುಲಾಬ ಏಳು ಎಂಟು ಮೂರು!"

ಎದುರು ಮನೆಯ ಜಿಜಾಬಾಯಿ ಹೊರಗೆ ಬಂದಳು. "ಅಷ್ಟೊಂದು ಗುಲಾಬಿ ಯಾಕೋ? ಯಾರದು ಲಗ್ನ?"

ಟೇಲರ್ ಕರೀಮ ಸಾಬ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದುಕೊಂಡೇಬಿಟ್ಟ. "ಛಲೋ ಅದ. ನನ್ನ ಮೊಬೈಲಿಗೂ ಇದನ್ನೇ ಇಡ್ತೇನಿ."

ಬೇಗಂ ಹಣೆ ಬಡಿದುಕೊಂಡು ತಮ್ಮ ಫೋನಿನಲ್ಲೇ ಪಾಸ್‌ವರ್ಡ್ ಬದಲಿಸಿದರು. ಹೊಸದನ್ನು ಉರ್ದುವಿನಲ್ಲಿ ಬರೆದು ಚೀಟಿಯನ್ನು ನಾಲ್ಕು ಮಡಿಕೆ ಮಾಡಿದರು. "ಬೇಟಾ, ಇದು ನಿನಗ ಓದ್ಲಿಕ್ಕೇ ಬರಲ್ಲ. ಹ್ಯಾಂಗ ಕೂಗ್ತಿ ನೋಡ್ತೇನಿ!" ಮನೆಗೆ ಬೀಗ ಹಾಕಿ ಭಾಲ್ಕಿ ಬಸ್ಸಿಗೆ ಹೊರಟರು.

"ಪಂಢರಿ ಭಾಯಿ, ಒಂದೇ ಅಕ್ಷರ ಹೇಳು," ಕರೀಮ ಸಾಬ ಅಡ್ಡ ನಿಂತ. ಪಂಢರಿ ತುಟಿ ಬಿಚ್ಚಲಿಲ್ಲ.

"ಅಯ್ಯ, ಹಲ್ಲು ಕೀಳಿಸ್ಕೊಂಡಿ ಏನೋ?" ಎಂದಳು ಜಿಜಾಬಾಯಿ.

ಅದಕ್ಕೂ ಬಿಚ್ಚಲಿಲ್ಲ. ಮೇಲೆ ಹೋಗಿ ಚೀಟಿಯನ್ನು ಸರ್ ಅಂಗೈಯಲ್ಲಿಟ್ಟ. ಒಂದು ಕೈಯಲ್ಲಿ ಫೋನು ಹಿಡಿದು ಮಾತಾಡುತ್ತಲೇ ಮಿರ್ಚಿ ಭಜಿ ತಿನ್ನುತ್ತಿದ್ದ ಸರ್ ಕಣ್ಣರಳಿಸಿದರು. "ಶಾಭಾಸ್! ಇದಪಾ ರಿಟರ್ನ್ ಅಂದ್ರ!"

ಆ ಶಾಭಾಸ್ ಪಂಢರಿಯ ಕಿವಿಯಲ್ಲಿ ಇಂದಿಗೂ ಇದೆ. ಶಾಲೆಯಲ್ಲೂ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಫೋನು ಮುಗಿಯುವಾಗ ಐದಕ್ಕೆ ಎರಡೇ ನಿಮಿಷ. ಸರ್ ಕೈಯ ಎಣ್ಣೆ ಒರೆಸಿದ ಕಾಗದವನ್ನು ಕಿಟಕಿಯಾಚೆ ಎಸೆದು ಕಂಪ್ಯೂಟರಿನ ಮುಂದೆ ಕೂತರು. "ಹೂಂ, ಚೀಟಿ ಕೊಡು."

"ನಿಮ್ಮ ಕೈಯಾಗೇ ಕೊಟ್ಟೀನಲ್ರಿ ಸರ್."

ಸರ್ ತಮ್ಮ ಕೈ ನೋಡಿಕೊಂಡರು. ಎಣ್ಣೆಯ ಗುರುತೇ ಇಲ್ಲದಷ್ಟು ಸ್ವಚ್ಛವಾಗಿತ್ತು. ಇಬ್ಬರೂ ಕಿಟಕಿಯಿಂದ ಬಗ್ಗಿದರು. ಕೆಳಗೆ ಒಂದು ಆಡು ಎಣ್ಣೆಯ ಕಾಗದದ ಕೊನೆಯ ತುಂಡನ್ನು ನಿಧಾನವಾಗಿ ನುಂಗುತ್ತಿತ್ತು. ಬೇಗಂಗೆ ಫೋನು ಹಚ್ಚಿದರೆ ಅದು ಬೀಗ ಹಾಕಿದ ಮನೆಯೊಳಗೇ ಬಡಿದುಕೊಂಡಿತು.

ಐದಾಯಿತು.

"ತಪ್ಪು ನಂದೇ ಅದ," ಸರ್ ಉಳಿದಿದ್ದ ಒಂದೇ ಭಜಿಯನ್ನು ಅವನತ್ತ ಸರಿಸಿದರು. "ನೀ ಬರೋಬ್ಬರಿ ರಿಟರ್ನ್ ಮಾಡ್ದಿ. ನಾನೇ ಇಟ್ಕೊಳ್ಳಲಿಲ್ಲ."

"ಹಂಗಾದ್ರ ನಾ ಪಾಸೇನ್ರಿ ಸರ್?"

"ಪಾಠದಾಗ ಪಾಸ್. ಪರೀಕ್ಷಾ ಮುಂದಿನ ವರ್ಷ."