ಜೂನ್ ಒಂದರಂದು ಹುಟ್ಟಿದವಳಿಗೆ ಕಾರು ಕೊಟ್ಟ ಮಹನೀಯರಿಗೆ

ಜರ್ಮನಿಯ ವಿಮಾನ ನಿಲ್ದಾಣವೊಂದರಲ್ಲಿ ಗಾಜಿನ ಕೌಂಟರ್ ಇಟ್ಟುಕೊಂಡು ಲೋಕಕ್ಕೆಲ್ಲ ಕಾರು ಬಾಡಿಗೆಗೆ ಕೊಡುತ್ತಿರುವ ಸಂಸ್ಥೆಯ ವ್ಯವಸ್ಥಾಪಕರ ಘನ ಸನ್ನಿಧಿಗೆ,

ಮಾನ್ಯರೇ,

ಪೀಣ್ಯ ಎರಡನೇ ಹಂತದ ಸಣ್ಣ ವರ್ಕ್‌ಶಾಪೊಂದರಲ್ಲಿ ಲೋಹ ಉಜ್ಜಿ ನಯ ಮಾಡುವ ಗ್ರೈಂಡಿಂಗ್ ಮೆಷಿನ್ ಓಡಿಸುವ, ಲಗ್ಗೆರೆಯ ನಿವಾಸಿ ದೀಪಶ್ರೀ ಎಂಬವಳು ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವೂ, ತಮ್ಮ ಕಾರುಗಳೂ, ಅದರಲ್ಲೂ ಕಾರಿನೊಳಗೆ ಕುಳಿತು ನನಗೆ ದಾರಿಯುದ್ದಕ್ಕೂ ಬುದ್ಧಿ ಹೇಳಿದ ಆ ಕಪ್ಪು ಪೆಟ್ಟಿಗೆಯೂ ಕ್ಷೇಮವೆಂದು ನಂಬಿದ್ದೇನೆ.

ತಾವು ದೊಡ್ಡ ಮನಸ್ಸು ಮಾಡಿ ಕಳುಹಿಸಿದ ‘ಯುವ ಚಾಲಕರ ನಡವಳಿಕೆ ವರದಿ’ ಮೊನ್ನೆ ತಲುಪಿತು. ನೂರಕ್ಕೆ ನಲವತ್ತಾರು ಅಂಕ ಕೊಟ್ಟು, ‘ಅಪಕ್ವ’ ಎಂದು ಷರಾ ಬರೆದು, ವಯಸ್ಸು ಸಾಲದ ಕಾರಣ ಇಪ್ಪತ್ತೈದು ತುಂಬುವವರೆಗೆ ನನಗೆ ಕಾರು ಕೊಡಲಾಗದು ಎಂದು ದಪ್ಪಕ್ಷರದಲ್ಲಿ ತಿಳಿಸಿದ್ದೀರಿ. ಎಸ್ಸೆಸ್ಸೆಲ್ಸಿಯ ಗಣಿತದಲ್ಲೂ ನಾನು ಇದಕ್ಕಿಂತ ಹೆಚ್ಚು ತೆಗೆದಿದ್ದೆ ಎಂಬುದನ್ನು ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತಾ, ಕೆಲವು ಸಂಗತಿಗಳನ್ನು ಅರಿಕೆ ಮಾಡಿಕೊಳ್ಳಲು ಅಪ್ಪಣೆ ಬೇಡುತ್ತೇನೆ.

ಮೊದಲನೆಯದಾಗಿ, ನನ್ನ ವಯಸ್ಸು. ಪಾಸ್‌ಪೋರ್ಟಿನಂತೆ ನಾನು ಜೂನ್ ಒಂದರಂದು ಹುಟ್ಟಿದವಳು. ನಮ್ಮ ಒಂದನೇ ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ಇಪ್ಪತ್ತೊಂದು ಮಂದಿ ಜೂನ್ ಒಂದರಂದೇ ಹುಟ್ಟಿದವರು ಎಂದರೆ ತಮ್ಮ ದೇಶದಲ್ಲಿ ಇದನ್ನು ವೈದ್ಯಕೀಯ ಪವಾಡವೆಂದು ಭಾವಿಸಬಹುದು. ಹಾಗೇನಿಲ್ಲ. ಶಾಲೆ ತೆರೆಯುತ್ತಿದ್ದ ದಿನವನ್ನೇ ಹುಟ್ಟಿದ ದಿನವೆಂದು ಬರೆದುಕೊಂಡರೆ ಹೆಡ್‌ಮಾಸ್ಟರಿಗೆ ಲೆಕ್ಕ ಸುಲಭವಾಗುತ್ತಿತ್ತು, ಅಷ್ಟೆ. ವರ್ಷದ ವಿಚಾರದಲ್ಲಿ ಮಾತ್ರ ನಮ್ಮ ತಾತ ಮುನಿಯಣ್ಣನವರು ಸ್ವಂತ ಬುದ್ಧಿ ಉಪಯೋಗಿಸಿದರು. ಕಾಯಿಲೆ ಬಿದ್ದು ಏಳೂವರೆ ವರ್ಷಕ್ಕೆ ಶಾಲೆ ಸೇರಿದ, ಕಡ್ಡಿಯಂತಿದ್ದ ನನ್ನನ್ನು ಮುಂದೆ ನಿಲ್ಲಿಸಿ, “ಆರು ಅಂತ್ಲೇ ಬರ್ಕಳಿ ಸಾ, ನಾಳೀಕೆ ಗೌರ್ಮೆಂಟ್ ಕೆಲ್ಸ ಸಿಕ್ರೆ ಒಂದೂವರೆ ವರ್ಸ ಜಾಸ್ತಿ ಸಂಬ್ಳ ಎಣ್ಸ್ತಾಳೆ” ಎಂದರು. ಸರ್ಕಾರಿ ಕೆಲಸ ಸಿಗಲಿಲ್ಲ, ಒಂದೂವರೆ ವರ್ಷ ಮಾತ್ರ ಹಾಗೇ ಉಳಿದುಕೊಂಡಿತು. ಹೀಗಾಗಿ ಕಾಗದದ ಪ್ರಕಾರ ನನಗೆ ಇಪ್ಪತ್ತನಾಲ್ಕು, ಜಾತಕದ ಪ್ರಕಾರ ಇಪ್ಪತ್ತಾರು.

ಈ ಇಪ್ಪತ್ತಾರರ ಹಿರಿಮೆ ತಮಗೆ ತಿಳಿಯಬೇಕಾದರೆ ನಮ್ಮ ಬೀದಿಯ ಮದುವೆ ದಲ್ಲಾಳಿ ಸುಬ್ಬಲಕ್ಷ್ಮಮ್ಮನವರನ್ನು ಒಮ್ಮೆ ಭೇಟಿಯಾಗಬೇಕು. ಅವರು ವಾರಕ್ಕೆರಡು ಸಲ ಬಂದು, ಕಾಫಿ ಕುಡಿದು, “ಇಪ್ಪತ್ತಾರು ಅಂದ್ರೆ ಗಂಡಿನ ಕಡೆಯವ್ರು ಯೋಚ್ನೆ ಮಾಡ್ತಾರೆ ಕಣ್ರೀ” ಎಂದು ಅಮ್ಮನಿಗೆ ಹೇಳಿ ಹೋಗುತ್ತಾರೆ. ಇತ್ತ ಲಗ್ಗೆರೆಯಲ್ಲಿ ಮದುವೆಗೆ ವಯಸ್ಸು ಮೀರಿದವಳು ಅತ್ತ ತಮ್ಮ ಕೌಂಟರಿನಲ್ಲಿ ಕಾರಿಗೆ ವಯಸ್ಸು ಸಾಲದವಳಾದೆ. ಜಗತ್ತಿನಲ್ಲಿ ನಾನು ಸರಿಯಾದ ವಯಸ್ಸಿನಲ್ಲಿದ್ದ ಜಾಗವೆಂದರೆ ಬಹುಶಃ ನಡುವಿನ ವಿಮಾನವೊಂದೇ.

ಇನ್ನು ನಾನು ಬಂದ ಕಾರಣ. ತಮ್ಮ ನಿಲ್ದಾಣದಿಂದ ನೂರಾ ನಲವತ್ತು ಕಿಲೋಮೀಟರ್ ದೂರದ ಹಳ್ಳಿಯೊಂದರಲ್ಲಿ ವೃದ್ಧರೊಬ್ಬರು ತಮ್ಮ ವರ್ಕ್‌ಶಾಪ್ ಮುಚ್ಚುತ್ತಾ ಹಳೆಯ ಗ್ರೈಂಡಿಂಗ್ ಮೆಷಿನ್ ಒಂದನ್ನು ಮಾರುತ್ತಿದ್ದರು. ಕೊಳ್ಳಲು ಇಬ್ಬರು ಕಾದಿದ್ದೆವು. ಮೊದಲ ಹಕ್ಕು ನಮ್ಮದು, ಆದರೆ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಬಂದು ಓಡಿಸಿ ನೋಡಿ ಸಹಿ ಹಾಕದಿದ್ದರೆ ಮೆಷಿನ್ ಇನ್ನೊಬ್ಬರಿಗೆ. ನಮ್ಮ ಮಾಲೀಕರಾದ ಶ್ಯಾಮಣ್ಣನವರಿಗೆ ಮಂಡಿ ನೋವು. “ಸೌಂಡ್ ಕೇಳಿ ಬೇರಿಂಗ್ ಕಥೆ ಹೇಳೋಳು ನೀನೊಬ್ಳೇ ಕಣಮ್ಮ, ಹೋಗ್ಬಿಟ್ಟು ಬಾ. ಮೆಷಿನ್ ಬಂದ್ರೆ ಆ ಸೆಕ್ಷನ್‌ಗೆ ನೀನೇ ಇನ್‌ಚಾರ್ಜ್” ಎಂದರು. ಇದನ್ನು ಕೇಳಿ ಅಮ್ಮನೂ ತನ್ನ ಕರಾರು ಹಾಕಿದಳು: “ಇನ್‌ಚಾರ್ಜ್ ಆದ್ರೆ ಒಂದು ವರ್ಷ ಗಂಡಿನ ಮಾತು ಎತ್ತಲ್ಲ. ಇಲ್ದಿದ್ರೆ ಯುಗಾದಿ ಕಳೀತಿದ್ದಂಗೆ ಸುಬ್ಬಲಕ್ಷ್ಮಮ್ಮ ಹೇಳಿದ ಕಡೆ ಸುಮ್ನೆ ಕೂತ್ಕೋಬೇಕು.” ಅಂದರೆ ಮಾನ್ಯರೇ, ಅಂದು ಬೆಳಗ್ಗೆ ತಮ್ಮ ಕೌಂಟರಿನ ಮುಂದೆ ನಿಂತಿದ್ದವಳು ಒಂದು ಮೆಷಿನ್ನಿಗಾಗಿ ಬಂದವಳಲ್ಲ, ತನ್ನದೇ ಆದ ಒಂದು ವರ್ಷಕ್ಕಾಗಿ ಬಂದವಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ವೀಸಾ ಕೊಟ್ಟ ದೇಶದಲ್ಲಿ ಕಾರು ಕೊಡಲು ತಮ್ಮ ಸಿಬ್ಬಂದಿ ಒಂದೂವರೆ ಗಂಟೆ ಚಿಂತಿಸಿದರು. ನಾನು ಮೊಬೈಲಿನಲ್ಲಿದ್ದ ಜಾತಕದ ಚಿತ್ರ ತೋರಿಸಿ, ಮಾರ್ಗಶಿರ ಮಾಸ, ರೋಹಿಣಿ ನಕ್ಷತ್ರ ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಆ ಹೆಣ್ಣುಮಗಳು ಬಹಳ ಸೌಜನ್ಯದಿಂದ ಅದನ್ನು ತಲೆಕೆಳಗಾಗಿ ನೋಡಿ, ನಕ್ಕು, ತಮ್ಮಲ್ಲಿದ್ದುದರಲ್ಲೇ ಅತಿ ಚಿಕ್ಕ ಕಾರಿನ ಬೀಗದ ಕೈ ಕೊಟ್ಟರು. ಜೊತೆಗೆ, ಇಪ್ಪತ್ತೈದರ ಕೆಳಗಿನವರಿಗೆಂದೇ ಇರುವ ಆ ಕಪ್ಪು ಪೆಟ್ಟಿಗೆ. ಶುರುವಿಗೆ ನೂರು ಅಂಕ, ತಪ್ಪಿಗೊಮ್ಮೆ ಅಂಕ ಕಡಿತ, ಐವತ್ತರ ಕೆಳಗಿಳಿದರೆ ಗಾಡಿ ಪಕ್ಕಕ್ಕೆ ಹಾಕಿ ಇಪ್ಪತ್ತು ನಿಮಿಷ ‘ಶಾಂತರಾಗಬೇಕು’, ಮೀರಿದರೆ ಕರಾರು ರದ್ದು.

ಸ್ಟೇರಿಂಗ್ ಎಡಕ್ಕೆ, ರಸ್ತೆ ಬಲಕ್ಕೆ. ಎಡಗೈ ಅಭ್ಯಾಸಬಲದಿಂದ ಗೇರ್ ಹುಡುಕಿ ಬಾಗಿಲಿಗೆ ಬಡಿಯಿತು. ತಿರುವಿಗೊಮ್ಮೆ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದೆ. ಬಿಸಿಲಿನಲ್ಲಿ ಗಾಜು ಒರೆಸಿಕೊಂಡು ಹೋಗುವ ಕಾರನ್ನು ಕಂಡು ಎದುರಿನವರು ತಾವಾಗಿಯೇ ನಿಧಾನಿಸಿದರು. ಇದಕ್ಕೆಲ್ಲ ಕಡಿದ ಅಂಕಗಳ ಬಗ್ಗೆ ನನ್ನ ತಕರಾರಿಲ್ಲ. ಹಾರ್ನಿನ ಬಗ್ಗೆ ಇದೆ. ಆರು ವರ್ಷ ನಮ್ಮ ಮಾವ ದೇವರಾಜ್ ಅವರ ಸಾಮಾನು ಗಾಡಿ ಓಡಿಸಿಕೊಂಡು ಪೀಣ್ಯದಿಂದ ಊರೆಲ್ಲ ಲೋಡ್ ಹೊತ್ತು ತಿರುಗಿದವಳು ನಾನು. ನಮ್ಮಲ್ಲಿ ಹಾರ್ನ್ ಎಂದರೆ ಮರ್ಯಾದೆ. ಸಣ್ಣಗೆ ಎರಡು ಸಲ ಒತ್ತಿದರೆ ‘ಅಣ್ಣಾ, ಹಿಂದೆ ಬರ್ತಾ ಇದೀನಿ, ಗಾಬರಿ ಬೀಳ್ಬೇಡಿ’ ಎಂದರ್ಥ. ಒತ್ತದೆ ಪಕ್ಕದಲ್ಲಿ ನುಗ್ಗಿದರೆ ಬೈಗುಳ ಗ್ಯಾರಂಟಿ. ಅದೇ ಮರ್ಯಾದೆಯನ್ನು ತಮ್ಮೂರಿನ ಸೈಕಲ್ ಸವಾರರೊಬ್ಬರಿಗೆ ತೋರಿಸಿದಾಗ, ಅವರು ಇಳಿದು ನಿಂತು, ದಾರಿ ಬಿಡುವ ಬದಲು ಐದು ನಿಮಿಷ ಉಪದೇಶ ಮಾಡಿದರು. ಪೆಟ್ಟಿಗೆ ‘ಆಕ್ರಮಣಶೀಲ ವರ್ತನೆ’ ಎಂದಿತು. ದಾರಿ ಖಾತ್ರಿ ಮಾಡಿಕೊಳ್ಳಲು ನಾಲ್ಕು ಕಡೆ ಕಾರು ನಿಲ್ಲಿಸಿ ಜನರನ್ನು ಕೇಳಿದ್ದನ್ನು ‘ಉದ್ದೇಶರಹಿತ ನಿಲುಗಡೆ’ ಎಂದಿತು. ಮ್ಯಾಪ್ ಇರುವಾಗ ಕೇಳುವುದೇಕೆ ಎನ್ನುತ್ತೀರಿ. ಮ್ಯಾಪನ್ನು ನಂಬಿ ಒಮ್ಮೆ ರಾಜಕಾಲುವೆಯ ಅಂಚಿನವರೆಗೆ ಲೋಡ್ ಸಮೇತ ಹೋದವಳಿಗೆ ಮನುಷ್ಯರ ಬಾಯಲ್ಲಿ ಕೇಳದೆ ಸಮಾಧಾನವಾಗುವುದಿಲ್ಲ.

ಹನ್ನೊಂದು ಇಪ್ಪತ್ತೈದಕ್ಕೆ, ಹಳ್ಳಿ ಇನ್ನು ಇಪ್ಪತ್ತು ಕಿಲೋಮೀಟರ್ ಇರುವಾಗ, ಅಂಕ ನಲವತ್ತಾರಕ್ಕೆ ಇಳಿಯಿತು. ನಿಲ್ಲಿಸಿದರೆ ಮೆಷಿನ್ ಹೋಯಿತು, ನಿಲ್ಲಿಸದಿದ್ದರೆ ಕಾರು ಹೋಯಿತು. ಅತ್ತ ದರಿ, ಇತ್ತ ಪುಲಿ. ಆಲೂಗಡ್ಡೆ ಹೊಲವೊಂದರ ಪಕ್ಕ ನಿಲ್ಲಿಸಿದೆ. ತಮ್ಮ ಆದೇಶದಂತೆ ನಾನು ಶಾಂತಳಾದೆನೇ ಎಂದರೆ, ಇಲ್ಲ ಮಾನ್ಯರೇ, ನಾನು ಅತ್ತೆ. ಹದಿನಾಲ್ಕು ಗಂಟೆ ಪ್ರಯಾಣ ಮಾಡಿ ಬಂದು, ಇನ್ನೇನು ಕೈಗೆ ಸಿಗಬೇಕಾದ್ದು ಒಂದು ಪೆಟ್ಟಿಗೆಯ ದೆಸೆಯಿಂದ ಜಾರಿಹೋಗುವುದನ್ನು ಕೂತು ನೋಡುವುದು ಬಹಳ ಕಷ್ಟ. ಅಳುವುದಕ್ಕೆ ಅಂಕ ಕಡಿಯಲಿಲ್ಲ, ಅದು ತಮ್ಮ ಸಂಸ್ಥೆಯ ಔದಾರ್ಯ.

ನಾನು ತಲುಪಿದಾಗ ಹನ್ನೆರಡು ಗಂಟೆ ಎಂಟು ನಿಮಿಷ. ಮೆಷಿನ್ನನ್ನು ಬಿಚ್ಚಿ ಬಿಡಿಭಾಗಗಳಿಗಾಗಿ ಒಯ್ಯಲಿದ್ದ ಇನ್ನೊಬ್ಬರು ಆಗಲೇ ಪೆನ್ನು ತೆಗೆದಿದ್ದರು. ಯಜಮಾನರು ಗೋಡೆಯ ಗಡಿಯಾರ ನೋಡಿ, ಏಕೆ ತಡವಾಯಿತೆಂದು ಕೇಳಿದರು. ನನ್ನ ಮೊಬೈಲಿಗೆ ತಾವು ಕಳುಹಿಸಿದ್ದ ಸಂದೇಶವನ್ನೇ ಮುಂದೆ ಹಿಡಿದೆ: ‘ಯುವ ಚಾಲಕಿಯಾದ ತಮ್ಮನ್ನು ಶಾಂತಿಗಾಗಿ ಇಪ್ಪತ್ತು ನಿಮಿಷ ತಡೆಯಲಾಗಿದೆ.’ ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, ಬೇರೆಯವರು ಹಿಡಿದುಕೊಂಡ ಇಪ್ಪತ್ತು ನಿಮಿಷವನ್ನು ನಿನ್ನ ಲೆಕ್ಕಕ್ಕೆ ಸೇರಿಸಲಾಗದು, ಆದ್ದರಿಂದ ನೀನು ಬಂದಿದ್ದು ಹನ್ನೊಂದು ನಲವತ್ತೆಂಟಕ್ಕೆ ಎಂದು ತೀರ್ಪು ಕೊಟ್ಟರು. ನನಗೆ ನಮ್ಮ ತಾತನೇ ಬಂದು ನಿಂತಂತಾಯಿತು.

ಹಾಗೆಂದು ಸುಮ್ಮನೆ ಕೊಡಲಿಲ್ಲ. ಮೆಷಿನ್ ಓಡಿಸು ಎಂದರು. ಓಡಿಸಿ, ಕಿವಿಗೊಟ್ಟು, ಹಿಂಬದಿಯ ಬೇರಿಂಗ್ ಸವೆದಿದೆ, ಉಳಿದದ್ದೆಲ್ಲ ಗಟ್ಟಿ ಎಂದೆ. ಒಂದು ಶಾಫ್ಟ್ ಉಜ್ಜಿ ಕೊಟ್ಟೆ. ಅವರು ಅಳೆದು ನೋಡಿ, ಪೆನ್ನನ್ನು ಆ ಇನ್ನೊಬ್ಬರ ಕೈಯಿಂದ ತೆಗೆದುಕೊಂಡು ನನಗೆ ಕೊಟ್ಟರು. ಅಲ್ಲಿ ಯಾರೂ ನನ್ನ ವಯಸ್ಸು ಕೇಳಲಿಲ್ಲ.

ಮೆಷಿನ್ ಹಡಗು ಹತ್ತಿದೆ. ನಾನೀಗ ಇನ್‌ಚಾರ್ಜ್. ಆದರೆ ಅಮ್ಮನ ಒಂದು ವರ್ಷದ ಮಾತು ಮೂರನೇ ವಾರಕ್ಕೇ ಅಲುಗಾಡತೊಡಗಿತ್ತು, ಏಕೆಂದರೆ ಸುಬ್ಬಲಕ್ಷ್ಮಮ್ಮನವರು ಕಾಫಿಗೆ ಬರುವುದನ್ನು ನಿಲ್ಲಿಸಿರಲಿಲ್ಲ. ಆಗ ಸರಿಯಾಗಿ ತಮ್ಮ ವರದಿ ಬಂದಿತು. ಅಮ್ಮ ಅದನ್ನು ನನ್ನಿಂದ ಓದಿಸಿ ಕೇಳಿ, ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಅವರ ಮುಂದಿಟ್ಟು, “ನೋಡ್ರೀ, ಫಾರಿನ್ನವ್ರೇ ಬರ್ಕೊಟ್ಟವ್ರೆ, ವಯಸ್ಸು ಸಾಲ್ದು ಅಂತ” ಎಂದಳು. ಅಮ್ಮ ನನ್ನ ಪರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತುಂಬ ಸಂತೋಷವಾಯಿತು.

ಆದುದರಿಂದ ನನ್ನ ಬೇಡಿಕೆಗಳು ಇಂತಿವೆ. ತಮ್ಮ ಕಚೇರಿಯಲ್ಲಿ ಜಾತಕ ಓದಬಲ್ಲ ಒಬ್ಬರನ್ನು ನೇಮಿಸಬೇಕು. ಆ ಕಪ್ಪು ಪೆಟ್ಟಿಗೆಗಳಲ್ಲಿ ಒಂದನ್ನು ನಮ್ಮ ಮನೆಯ ಜಗುಲಿಗೆ ಕಳುಹಿಸಿಕೊಟ್ಟರೆ, ಮದುವೆಯ ಮಾತೆತ್ತಿದವರನ್ನು ಇಪ್ಪತ್ತಿಪ್ಪತ್ತು ನಿಮಿಷ ಶಾಂತಿಗೆ ಕೂರಿಸಲು ಅನುಕೂಲವಾಗುತ್ತದೆ. ಕೊನೆಯದಾಗಿ, ಬರುವ ಜೂನ್ ಒಂದಕ್ಕೆ ನನಗೆ ಕಾಗದದಲ್ಲಿ ಇಪ್ಪತ್ತೈದು ತುಂಬುತ್ತದೆ. ದಯವಿಟ್ಟು ಅದನ್ನು ಗಮನಿಸದಂತೆ ಇದ್ದು, ವರ್ಷಕ್ಕೊಂದು ಪತ್ರದಂತೆ ನನ್ನನ್ನು ತಿರಸ್ಕರಿಸುತ್ತಲೇ ಇರಬೇಕಾಗಿ ಪ್ರಾರ್ಥನೆ.

ತಮ್ಮ ಎಳೆಯ, ಅಪಕ್ವ ಹಾಗೂ ಸದಾ ತಮ್ಮ ವಿಶ್ವಾಸಿ,
ದೀಪಶ್ರೀ
ಲಗ್ಗೆರೆ, ಬೆಂಗಳೂರು

ತಾ.ಕ.: ಮುಂದಿನ ತಿಂಗಳು ಅದೇ ಯಜಮಾನರ ಎರಡನೆಯ ಮೆಷಿನ್ ನೋಡಲು ಬರುತ್ತಿದ್ದೇನೆ. ತಾವು ಕಾರು ಕೊಡುವುದಿಲ್ಲವೆಂದು ನಾನು ಬರೆದು ತಿಳಿಸಿದಾಗ ಅವರು ಮತ್ತೆ ನಕ್ಕರಂತೆ. ವಯಸ್ಸು ಎಂಬತ್ತೊಂದು ಮೀರಿತೆಂದು ತಾವು ಅವರಿಗೂ ಹೋದ ವರ್ಷವೇ ಪತ್ರ ಬರೆದಿದ್ದೀರಂತೆ. ಅವರು ತಮ್ಮ ಸ್ವಂತ ಹಳೆಯ ವ್ಯಾನಿನಲ್ಲಿ ಮೊಮ್ಮಗನನ್ನು ಕೂರಿಸಿಕೊಂಡು ನನ್ನನ್ನು ಕರೆದೊಯ್ಯಲು ಬರುತ್ತಾರೆ. ವಾಪಸ್ ಹೋಗುವಾಗ ಸ್ಟೇರಿಂಗ್ ನನ್ನ ಕೈಗೆ ಕೊಡುವುದಾಗಿ ಬರೆದಿದ್ದಾರೆ. ತಮ್ಮ ಗಾಜಿನ ಕೌಂಟರಿನಿಂದ ರಸ್ತೆ ಚೆನ್ನಾಗಿ ಕಾಣುತ್ತದಲ್ಲವೇ?