ನನ್ನ ಕಾರಿನ ಗಾಲಿಗಳೂ ಮಾದಪ್ಪನ ಎತ್ತುಗಳೂ

ಹೊರಡುವುದು ಸುಲಭ, ನಿಲ್ಲುವುದೇ ಕಷ್ಟ. ಈ ಮಾತನ್ನು ನಾನು ವಕೀಲಿ ವೃತ್ತಿಯಿಂದಲೇ ಕಲಿಯಬೇಕಾಗಿತ್ತು. ವಾದಕ್ಕೆ ಎದ್ದು ನಿಂತರೆ ನನಗೆ ಎಲ್ಲಿ ಮುಗಿಸಬೇಕೆಂದು ಗೊತ್ತಾಗುವುದಿಲ್ಲವೆಂದು ಹುಣಸೂರಿನ ಕೋರ್ಟಿನಲ್ಲಿ ಜವಾನನಿಂದ ಹಿಡಿದು ಮುನ್ಸೀಫರವರೆಗೆ ಎಲ್ಲರೂ ಹೇಳುತ್ತಿದ್ದರು. ನನ್ನ ಸೋದರಮಾವ ಊಟದ ಎಲೆಯ ಮುಂದೆ ಕಥೆ ಶುರುಮಾಡಿದರೆ ಉಂಡ ಕೈ ಒಣಗಿದರೂ ನಿಲ್ಲಿಸುತ್ತಿರಲಿಲ್ಲ. ಇಂಥ ವಂಶದವರು ಬ್ರೇಕಿಲ್ಲದ ಕಾರು ಕೊಳ್ಳದೆ ಇನ್ನೇನು ಕೊಂಡಾರು ಎಂದು ನನ್ನ ಹೆಂಡತಿ ಕಮಲ ಕೇಳುತ್ತಾಳೆ. ಕೇಳಲಿ. ಮಾಡಿದ್ದುಣ್ಣೋ ಮಹರಾಯ ಅಂತ ಉಂಡದ್ದಾಯಿತು, ಹೇಳಿಕೊಂಡರೆ ಹೊಟ್ಟೆಯುರಿಯಾದರೂ ಸ್ವಲ್ಪ ಇಳಿದೀತು.

ಆಗ ಕೊಡಗು ಇನ್ನೂ ಬೇರೆ ರಾಜ್ಯ. ಅಲ್ಲಿನ ಕಾಫಿ ತೋಟದ ಸಾಹುಕಾರರೊಬ್ಬರು ಯುದ್ಧಕ್ಕೆ ಮುಂಚಿನ ತಮ್ಮ ಕಾರನ್ನು ಮಾರುತ್ತಾರೆಂದು ಕೊಪ್ಪದ ದಲ್ಲಾಳಿಯೊಬ್ಬ ಸುದ್ದಿ ತಂದ. ಹೋಗಿ ನೋಡಿದೆ, ಬಣ್ಣಕ್ಕೆ ಮರುಳಾದೆ, ಕೊಂಡೆ. ಕಾರು ತೋಟದ ಗೇಟು ದಾಟುವಾಗ ಸಾಹುಕಾರರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಮಗಳನ್ನು ಗಂಡನ ಮನೆಗೆ ಕಳಿಸುವ ಸಂಕಟ ಎಂದುಕೊಂಡು ನಾನೂ ಕರವಸ್ತ್ರ ತೆಗೆದೆ. ಅದು ಬಿಡುಗಡೆಯ ಆನಂದಬಾಷ್ಪ ಎಂದು ಗೊತ್ತಾಗಲು ಮೊದಲನೆಯ ಇಳಿಜಾರು ಬರಬೇಕಾಯಿತು. ಕಾಲಲ್ಲಿ ಬ್ರೇಕನ್ನು ತುಳಿಯುತ್ತಲೇ ಇದ್ದೇನೆ, ಕಾರು ಹೋಗುತ್ತಲೇ ಇದೆ! ಪಕ್ಕದಲ್ಲಿ ಕೂತಿದ್ದ ದಲ್ಲಾಳಿ ಮಾತ್ರ ಶಾಂತವಾಗಿ, "ನಿಲ್ಲಿಸೋ ಜಾಗಕ್ಕೆ ಒಂದು ಫರ್ಲಾಂಗು ಮುಂಚೆ ಯೋಚ್ನೆ ಮಾಡಿ ಸ್ವಾಮಿ, ಅಷ್ಟೇಯ" ಎಂದ.

ಹುಣಸೂರಿನಲ್ಲಿ ಕಾರು ರಿಪೇರಿ ಗೊತ್ತಿದ್ದವರು ಸುಬ್ಬಾಚಾರಿ ಒಬ್ಬರೇ. ಒಬ್ಬರೇ ಎಂಬುದು ಅವರದೇ ಅಭಿಪ್ರಾಯ. ಎತ್ತಿಗೆ ಲಾಳ ಕಟ್ಟುವುದು, ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದು ಅವರ ಕಸುಬು. ಯುದ್ಧದ ಕಾಲದಲ್ಲಿ ಇದ್ದಿಲು ಗ್ಯಾಸಿನ ಬಸ್ಸುಗಳು ಅವರ ಕುಲುಮೆಯ ಮುಂದೆಯೇ ಕೆಟ್ಟು ನಿಲ್ಲುತ್ತಿದ್ದುದರಿಂದ ಮೋಟಾರು ವಿದ್ಯೆಯೂ ತಾನಾಗಿ ಒಲಿದಿತ್ತಂತೆ. ಅವರು ಕಾರಿನ ಕೆಳಗೆ ಮಲಗಿ, ಬ್ರೇಕಿನ ಸರಳನ್ನು ಬಿಗಿಮಾಡಿ, ಮೈಕೊಡವಿ ಎದ್ದು, "ಈಗ ಬೆಟ್ಟವೇ ಬಂದು ತಳ್ಳಿದ್ರೂ ಕದಲಾಕಿಲ್ಲ ಬುಡಿ" ಎಂದರು. ನಿಜವೇ. ಇಂಜಿನ್ನು ಶುರುಮಾಡಿ ಗೇರು ಹಾಕಿದರೂ ಕದಲಲಿಲ್ಲ. ಎರಡು ಸುತ್ತು ಸಡಿಲಿಸಿ ಎಂದೆ. ಸಡಿಲಿಸಿದರು. ಕಾರು ನೇರವಾಗಿ ಹೋಗಿ ಬಾಳೆಹಣ್ಣಿನ ಅಂಗಡಿಯೊಳಗೆ ನಿಂತಿತು. ಇವೆರಡರ ನಡುವೆ ಏನಾದರೂ ಇದೆಯೇ ಆಚಾರ್ರೇ ಎಂದು ಕೇಳಿದರೆ, "ನಡುವೆ ಇರೋದು ದೇವ್ರು" ಎಂದರು.

ಊರಿನಲ್ಲಿ ಒಬ್ಬನಿಗೆ ಕಾಯಿಲೆಯಾದರೆ ಹತ್ತು ಮಂದಿ ವೈದ್ಯರಾಗುತ್ತಾರೆ, ಕಾರಿಗಾದರೆ ಇಡೀ ಊರೇ ವೈದ್ಯ. ಬಸ್ಸಿನ ಡ್ರೈವರು "ಒಳಗಿನ ಲೈನಿಂಗು ಸವೆದೋಗದೆ" ಎಂದ. ಹೋಟೆಲಿನವರು ಎಣ್ಣೆ ಇಳಿದಿದೆ, ಪೆಟ್ರೋಲಿನಲ್ಲಿ ತೊಳೆಯಿರಿ ಎಂದರು. ತೊಳೆದೆ. ಮೈಸೂರಿನಿಂದ ಲೈನಿಂಗು ತರಿಸಿದೆ, ಬೇರೆ ಯಾವುದೋ ಕಾರಿನದು ಬಂತು. ಕೊನೆಗೆ ಸುಬ್ಬಾಚಾರಿ ಬಾವಿಯಿಂದ ನೀರೆತ್ತುವ ಕಪಿಲೆಯ ಹಳೆಯ ಚರ್ಮದ ಹಗ್ಗವನ್ನು ಕತ್ತರಿಸಿ ಕೂರಿಸಿದರು. ಬಿಸಿಲಿನಲ್ಲಿ ಹೇಗೋ ಹಿಡಿಯುತ್ತಿತ್ತು, ನಾಲ್ಕು ಹನಿ ಬಿದ್ದರೆ ಅದೂ ಇಲ್ಲ. ಹಾಗಾಗಿ ಕಾರು ನಿಧಾನವಾಗುತ್ತಲೇ ಯಾರಾದರೂ ಧುಮುಕಿ ಚಕ್ರಕ್ಕೆ ಕಲ್ಲು ಕೊಡಬೇಕಾಗಿತ್ತು. ಆ ಉದ್ಯೋಗ ಕಮಲಳ ಪಾಲಿಗೆ ಬಂತು. ಮೊದಲ ದಿನ ಅವಸರದಲ್ಲಿ ಅಡುಗೆಮನೆಯಿಂದ ರುಬ್ಬುವ ಗುಂಡನ್ನೇ ಎತ್ತಿಕೊಂಡು ಬಂದಿದ್ದಳು. ಚಕ್ರಕ್ಕೆ ಕೊಟ್ಟಳು. ಕಾರಿಗಿಂತ ಮೊದಲು ಗುಂಡೇ ಉರುಳಿಹೋಗಿ ಮೋರಿ ಸೇರಿತು. ಒಂದು ವಾರ ನಮ್ಮ ಮನೆಯಲ್ಲಿ ದೋಸೆ ಇಲ್ಲ. ಆಮೇಲೆ ಹೊಳೆಯ ದಂಡೆಯಿಂದ ಒಂದು ಚಪ್ಪಟೆ ಕಲ್ಲನ್ನು ಆರಿಸಿ ತಂದಳು. ರೇಷ್ಮೆ ಸೀರೆ ಉಟ್ಟಾಗಲೂ ಅದು ಅವಳ ಮಡಿಲಲ್ಲಿರುತ್ತಿತ್ತು.

ಇಷ್ಟರ ಮಧ್ಯೆ ಮಾದಪ್ಪ. ಪಿರಿಯಾಪಟ್ಟಣಕ್ಕೆ ಮೂರು ಮೈಲಿ ಈಚೆಗಿನ ಹಳ್ಳಿಯವನು, ನನ್ನ ಕಕ್ಷಿಗಾರ, ಹೊಲದ ಬದುವಿನ ವ್ಯಾಜ್ಯ. ಕಬ್ಬಿಣದ ಪಟ್ಟಿಯ ಚಕ್ರ ಬಿಟ್ಟು, ಹಳೆಯ ಕಾರಿನ ಅಚ್ಚು ಮತ್ತು ಟೈರು ಹಾಕಿಸಿ ಎತ್ತಿನ ಗಾಡಿ ಮಾಡಿಸುವ ಹುಚ್ಚು ಆಗತಾನೇ ನಮ್ಮ ಕಡೆ ಹಬ್ಬಿತ್ತು. ಎತ್ತಿಗೆ ಹಗುರ, ತಂಬಾಕಿನ ಹೊರೆಯೂ ಕುಲುಕುವುದಿಲ್ಲ. ಮಾದಪ್ಪ ಸಂತೆಗೆ ಬಂದಾಗಲೆಲ್ಲ ಕೇಸಿನ ನೆಪದಲ್ಲಿ ನನ್ನ ಆಫೀಸಿಗೆ ಬಂದು, ಕೇಸಿನ ಮಾತನ್ನೇ ಎತ್ತದೆ, ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಗಾಲಿಗಳನ್ನು ಸವರುತ್ತಿದ್ದ. "ಸ್ವಾಮಿ, ಇದು ಇನ್ನೆಷ್ಟು ದಿವ್ಸ ಓಡಬೋದು?" ಎಂದು ಕೇಳುತ್ತಿದ್ದ. ಹಾಸಿಗೆ ಹಿಡಿದ ಮುದುಕನನ್ನು ನೋಡಲು ಬಂದ ದಾಯಾದಿಯ ದನಿ!

ನನಗೆ ರೇಗಿತು. "ನಿನ್ನ ಕೇಸು ಮುಗಿಯೋವರೆಗೂ ಓಡ್ತದೆ ಹೋಗಯ್ಯ!" ಎಂದೆ.

"ಅಂಗಾದ್ರೆ ಇನ್ನೂ ಇಪ್ಪತ್ತು ವರ್ಸ ಬುಡಿ" ಎಂದು ನಿಟ್ಟುಸಿರು ಬಿಟ್ಟು ಎದ್ದ. ಹೋಗುವಾಗ, "ಕಲ್ಲಿನ ಮ್ಯಾಲೆ ಓಡಿಸಬ್ಯಾಡಿ ಸ್ವಾಮಿ, ಟೈರು ಸವೀತದೆ" ಎಂಬ ಬುದ್ಧಿವಾದ ಬೇರೆ.

ಹೀಗಿರುವಾಗ ಕಮಲಳ ತಮ್ಮನಿಗೆ ಗಂಡು ಮಗುವಾಯಿತು. ಪಿರಿಯಾಪಟ್ಟಣದ ತವರಿನಲ್ಲಿ ನಾಮಕರಣ. ನನಗೆ ಒಂದು ಮಾತೂ ಹೇಳದೆ ಕಮಲ ತನ್ನ ತಾಯಿಗೆ "ನಾವು ನಮ್ಮ ಕಾರಿನಲ್ಲೇ ಬರುತ್ತೇವೆ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಕಾರಣ ಇತ್ತು. ಕಾರು ಕೊಳ್ಳುವುದಕ್ಕೆ ಮುಂಚೆ, ಹಿಂದಿನ ದೀಪಾವಳಿಗೆ ನಾವು ಬಸ್ಸಿನಲ್ಲಿ ಹೋಗಿದ್ದೆವು. ಅವಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಮೈಸೂರಿನಿಂದ ಹೊಚ್ಚಹೊಸ ಕಾರಿನಲ್ಲಿ ಬಂದಿದ್ದರು. ಊಟದ ಹೊತ್ತಿಗೆ ನನ್ನ ಮಾವನವರು ಎಲ್ಲರೆದುರಿಗೆ, "ಚಿಕ್ಕಳಿಯಂದಿರಿಗೆ ಬ್ಯಾಗ ಬಡಿಸ್ರವ್ವಾ, ಅವರು ಬಸ್ಸಿಗೆ ಕಾಯೋರು" ಎಂದುಬಿಟ್ಟರು. ಅವರೇನೋ ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಕಮಲಳಿಗೆ ಅದು ಮುಳ್ಳಿನ ಹಾಗೆ ಚುಚ್ಚಿತ್ತು. "ನಮ್ಮ ಕಾರು ನಮ್ಮಪ್ಪನ ಬಾಗಿಲ ಮುಂದೆ ನಿಲ್ಲಬೇಕು" ಎಂದಳು. ಹೋಗಬೇಕು ಎನ್ನಲಿಲ್ಲ ನೋಡಿ, ನಿಲ್ಲಬೇಕು ಎಂದಳು!

ಬೆಳಿಗ್ಗೆ ಏಳಕ್ಕೆ ಹೊರಟೆವು. ಮಾದಪ್ಪನ ಹಳ್ಳಿಯವರೆಗೆ ಏನೂ ಆಗಲಿಲ್ಲ. ಅಲ್ಲಿ ಹಿಂದಿನ ಎಡಗಡೆ ಟೈರು ಢಮ್ ಎಂದಿತು. ಗಾಬರಿಯಲ್ಲಿ ಬ್ರೇಕು ತುಳಿದೆ, ಸರಳೇ ತುಂಡಾಯಿತು. ಕಾರು ಹೋಗಿ ಮೈಲಿಗಲ್ಲಿಗೆ ಮುತ್ತಿಟ್ಟಿತು, ರೇಡಿಯೇಟರಿನ ನೀರೆಲ್ಲ ಮಣ್ಣುಪಾಲು. ಸ್ಟೆಪ್ನಿ ಎಂದೋ ಬಡ್ತಿ ಪಡೆದು ಕೆಲಸಕ್ಕೆ ಸೇರಿತ್ತು, ಈಗ ಸತ್ತದ್ದು ಅದೇ. ಅಯ್ಯೋ ನನ್ನ ಕರ್ಮವೇ! ರಸ್ತೆಯಲ್ಲಿ ನಿಂತು ಆ ಸಾಹುಕಾರರಿಗೂ ದಲ್ಲಾಳಿಗೂ ಸುಬ್ಬಾಚಾರಿಗೂ ಒಟ್ಟಿಗೆ ಶಾಪ ಹಾಕುತ್ತಿರುವಾಗ ಹೊಲದ ಕಡೆಯಿಂದ ಮಾದಪ್ಪ ಓಡಿಬಂದ. ನಮಗೆ ಪೆಟ್ಟಾಯಿತೇ ಎಂದು ಕೇಳುತ್ತಾನೇನೋ ಎಂದುಕೊಂಡೆ. ಅವನು ಸೀದಾ ಕಾರಿನ ಕೆಳಗೆ ಬಗ್ಗಿ, "ಅಚ್ಚು ಬಗ್ಗಿಲ್ವಲ್ಲಾ, ಸದ್ಯ!" ಎಂದ. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ.

ಕಮಲ ಮಡಿಲ ಕಲ್ಲನ್ನು ಕೆಳಗಿಟ್ಟು ಮುಂದೆ ಬಂದಳು. "ನೋಡು ಮಾದಪ್ಪ, ಈ ಕಾರು ಇವತ್ತು ನಮ್ಮಪ್ಪನ ಮನೆ ಮುಂದೆ ನಿಂತರೆ, ಗಾಲಿ ಅಚ್ಚು ಎಲ್ಲ ನಿನಗೆ ಕೊಟ್ಟಹಾಗೆ. ಆದರೆ ಎತ್ತು ಎಳೆದುಕೊಂಡು ಬಂತು ಅಂತ ಯಾರೂ ಅನ್ನಬಾರದು."

"ಕಾರು ನನ್ನದು ಕಣೇ!" ಎಂದೆ.

"ಕಾರು ನಿಮ್ಮದೇರೀ. ಕಾಗದ ಬರೆದವಳು ನಾನು" ಎಂದಳು.

ಮಾದಪ್ಪನಿಗೆ ಅಷ್ಟು ಸಾಕಾಯಿತು. ಹತ್ತಿರದ ಮೆದೆಯಿಂದ ಹುಲ್ಲು ತಂದು ಒಡೆದ ಟೈರಿನೊಳಗೆ ತುರುಕಿದ. ನೊಗ ಹೂಡಿದ ಜೋಡಿ ಎತ್ತುಗಳನ್ನು ತಂದು ಹಿಂದೆ ನಿಲ್ಲಿಸಿ, ಮುಂದೆ ಹಗ್ಗ ಕಟ್ಟಲು ಹೋದ. ತಿರುಗಿ ನೋಡಿದರೆ ಎಡಗಡೆಯ ಎತ್ತು ಟೈರಿನ ಬಿರುಕಿನಿಂದ ಹುಲ್ಲನ್ನು ಎಳೆದೆಳೆದು ಮೇಯುತ್ತಿದೆ! ನನ್ನ ಕಾರಿನಿಂದ ಹೊಟ್ಟೆ ತುಂಬಿಸಿಕೊಂಡ ಜೀವ ಅದೊಂದೇ. ಮತ್ತೆ ತುರುಕಿ, ಮೂರು ಮೈಲಿ ಎಳೆಸಿಕೊಂಡು ಪಿರಿಯಾಪಟ್ಟಣ ಮುಟ್ಟಿದೆವು. ಎದುರಿಗೆ ಬಂದವರೆಲ್ಲ ನಿಂತು ನೋಡಿದರು. ನಾನು ಕಾಗದಪತ್ರ ಹುಡುಕುವವನಂತೆ ತಲೆ ಬಗ್ಗಿಸಿಕೊಂಡೇ ಇದ್ದೆ.

ಮಾವನವರ ಬೀದಿ ಇಳಿಜಾರು. ಬೀದಿಯ ತಲೆಯಲ್ಲಿ ಮಾದಪ್ಪ ಎತ್ತುಗಳನ್ನು ಬಿಚ್ಚಿದ. "ಇಲ್ಲಿಂದ ತಾನಾಗೇ ಓಯ್ತದೆ ಕಣ್ರೀ" ಎಂದ.

"ಹೋಗೋದು ನನಗೂ ಗೊತ್ತು. ನಿಲ್ಲೋದು?"

ಅವನು ಎತ್ತುಗಳನ್ನು ಕಾರಿನ ಹಿಂದಕ್ಕೆ ಹೊಡೆದುಕೊಂಡು ಹೋಗಿ ಹಿಂದಿನ ಬಂಪರಿಗೆ ಹಗ್ಗ ಬಿಗಿದ. "ಬ್ರೇಕು ಇಂದ್ಕೆ ಕಟ್ಟಿವ್ನಿ. ಧೈರ್ಯವಾಗಿ ಕುಂತ್ಕಳಿ" ಎಂದ.

ಕಾರು ಮೆಲ್ಲನೆ ಇಳಿಯಿತು. ನಾನು ಹಾರನ್ ಒತ್ತಿದೆ, ಹಿಂದಿನಿಂದ ಎತ್ತಿನ ಗಂಟೆ ಸದ್ದು. ಮನೆಯ ಮುಂದೆ ಹೊಂಗೆ ಮರದ ನೆರಳಿನಲ್ಲಿ ಷಡ್ಡಕರ ಹೊಸ ಕಾರು ಹೊಳೆಯುತ್ತಿತ್ತು. ಅದಕ್ಕೆ ಹೋಗಿ ಗುದ್ದಿದರೆ? ಮಾದಪ್ಪ "ಹೋ!" ಎಂದ. ಎತ್ತುಗಳು ಕಾಲೂರಿದವು. ಬಾಗಿಲಿನ ನೇರಕ್ಕೆ, ಒಂದು ಗೇಣು ಹಿಂದಿಲ್ಲ ಮುಂದಿಲ್ಲ, ಕಾರು ನಿಂತಿತು. ನಾನು ಅದರ ಯಜಮಾನನಾಗಿದ್ದ ಅಷ್ಟು ದಿನಗಳಲ್ಲಿ ಅದು ಹೇಳಿದ ಜಾಗದಲ್ಲಿ ನಿಂತದ್ದು ಅದೊಂದೇ ಸಲ. ಕಮಲ ಕಲ್ಲಿಲ್ಲದೆ ಇಳಿದಳು.

ಮಾವನವರು ಹೊರಗೆ ಬಂದರು. ಷಡ್ಡಕರ ಕಾರನ್ನು ದಾಟಿದರು. ನನ್ನ ಕಾರನ್ನೂ ದಾಟಿದರು. ನೆಟ್ಟಗೆ ಎತ್ತುಗಳ ಹತ್ತಿರ ಹೋಗಿ, ಬೆನ್ನ ಮೇಲಿನ ಹಿಣಿಲು ತಟ್ಟಿ, ಬಾಯಿ ಬಿಡಿಸಿ ಹಲ್ಲು ನೋಡಿ, "ಅಳಿಯಂದಿರೇ, ಭಾಳ ಸೊಗಸಾಗವೆ ಕಣ್ರೀ! ನಂಗೇ ಅಂತ ತಂದ್ರಾ?" ಎಂದರು.

ಮಾದಪ್ಪನ ಮುಖದ ರಕ್ತವೇ ಇಳಿದುಹೋಯಿತು. ನನಗೋ, ಕೋರ್ಟಿನಲ್ಲಿ ನಿಲ್ಲದ ನಾಲಗೆ ಅಲ್ಲಿ ಅಂಟಿಕೊಂಡಿತು. ಕಮಲಳೇ, "ನಿಮಗೆ ತೋರಿಸೋಣಾಂತ ಹೊಡೆದುಕೊಂಡು ಬಂದ್ವಿ ಅಪ್ಪಾಜಿ, ಸಂಜೆ ವಾಪಸ್ಸು ಕಳಿಸಬೇಕು" ಎಂದಳು. ಮಗುವಿನ ಹೆಸರು ಕೂಗುವವರೆಗೂ, ಕೂಗಿದ ಮೇಲೂ, ಮಾವನವರದು ಎತ್ತಿನದೇ ಮಾತು. ಷಡ್ಡಕರು ತಮ್ಮ ಕಾರು ಎಷ್ಟು ಮೈಲಿ ಓಡುತ್ತದೆಂದು ಹೇಳಲು ಎರಡು ಸಲ ಬಾಯಿ ತೆರೆದು ಮುಚ್ಚಿಕೊಂಡರು. ಊಟಕ್ಕೆ ಕೂತಾಗ ಮಾವನವರು ಕೂಗಿ ಹೇಳಿದರು: "ಚಿಕ್ಕಳಿಯಂದಿರಿಗೆ ನಿಧಾನವಾಗಿ ಬಡಿಸ್ರವ್ವಾ, ಅವರಿಗೇನು ಅವಸರ!" ಕಮಲ ತುಪ್ಪದ ಮಿಳ್ಳೆ ಹಿಡಿದು ನಿಂತಿದ್ದವಳು ನನ್ನ ಎಲೆಗೆ ಎರಡು ಸಲ ಬಡಿಸಿದಳು.

ಮಾತು ಕೊಟ್ಟ ಮೇಲೆ ಕೊಟ್ಟದ್ದೇ. ಆ ವಾರವೇ ಗಾಲಿ, ಅಚ್ಚು ಮಾದಪ್ಪನ ಪಾಲಾದವು. ಗಾಡಿ ಕಟ್ಟಿಕೊಟ್ಟವರು ಸುಬ್ಬಾಚಾರಿ. ನನ್ನ ಗಾಲಿಗಳ ಮೇಲೆ ಅವರು ಮಾಡಿದ ಕೆಲಸಗಳಲ್ಲಿ ಕೈಗೂಡಿದ್ದು ಅದೊಂದೇ, ಅದೂ ಇನ್ನೊಬ್ಬನಿಗೆ.

ಮಾರನೆಯ ವರ್ಷ ಅದೇ ಮಗುವಿನ ಹುಟ್ಟುಹಬ್ಬಕ್ಕೆ ಹೊರಟಾಗ ಮಾದಪ್ಪ ತನ್ನ ಹಳ್ಳಿಯ ಬಳಿ ನಮ್ಮನ್ನು ಬಸ್ಸಿನಿಂದ ಇಳಿಸಿಕೊಂಡು, "ನಿಮ್ಮ ಗಾಡಿನೇ ಸ್ವಾಮಿ, ಅತ್ತಿ" ಎಂದ. ಹತ್ತಿದೆವು. ಏನು ಹಾಯಾಗಿತ್ತು ಅಂತೀರಿ! ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಮಾವನವರ ಬೀದಿಯ ತಲೆಗೆ ಬಂದಾಗ ಮಾದಪ್ಪ ಬೀಡಿ ಹಚ್ಚಲೆಂದು ಹಗ್ಗವನ್ನು ನನ್ನ ಕೈಗೆ ಕೊಟ್ಟು ಇಳಿದ. ಇಳಿಜಾರು ಶುರುವಾಯಿತು. ನನಗರಿವಿಲ್ಲದೆ ಬಲಗಾಲು ಗಾಡಿಯ ಹಲಗೆಯನ್ನು ತುಳಿಯತೊಡಗಿತು.

"ಕಾಲ್ಯಾಕೆ ತುಳೀತೀರಿ ಸ್ವಾಮಿ? ಹೋ ಅನ್ನಿ, ಸಾಕು!" ಎಂದು ಅವನು ಹಿಂದಿನಿಂದ ಕೂಗಿದ.

"ಹೋ" ಎಂದೆ. ಎತ್ತುಗಳು ನಡೆಯುತ್ತಲೇ ಇದ್ದವು. ಕೋರ್ಟಿನ ದನಿಯಲ್ಲಿ ಇನ್ನೊಮ್ಮೆ "ಹೋ!" ಎಂದೆ. ಎಡಗಡೆಯದು ಒಮ್ಮೆ ತಿರುಗಿ ನನ್ನ ಮುಖ ನೋಡಿ, ಹೆಜ್ಜೆಯನ್ನು ಇನ್ನೂ ಸ್ವಲ್ಪ ಬಿರುಸು ಮಾಡಿತು. ಪಕ್ಕದಲ್ಲಿ ಕಮಲ ಗಾಡಿಯ ಹುಲ್ಲಿನಲ್ಲಿ ಕೈಯಾಡಿಸಿ ಕಲ್ಲು ಹುಡುಕತೊಡಗಿದಳು.